ಬಲ ಹೆಗಲಿನ ಸೆರಗು

ನನ್ನ ಮುಖ ಚೆನ್ನಾಗಿದೆ ಎಂದು ಯಾರೂ ಹೇಳಿದವರಿಲ್ಲ. ಅದನ್ನು ಕದಿಯುವವರೂ ಇರುತ್ತಾರೆಂದು ನಾನು ಎಣಿಸಿರಲಿಲ್ಲ.

ದಿಲ್ಲಿಯ ಸರೋಜಿನಿ ನಗರದ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಗಂಡ ಹೋದ ಮೇಲೂ ನಾನು ಮುಚ್ಚಲಿಲ್ಲ. ಮುಚ್ಚಿ ಏನು ಮಾಡುವುದು? ದೋಸೆಗಿಂತ ನನ್ನ ಚಟ್ನಿಪುಡಿಯೇ ಹೆಚ್ಚು ಹೋಗತೊಡಗಿದಾಗ, ಪೊಟ್ಟಣದ ಮೇಲೆ ಅಚ್ಚು ಹಾಕಲು ನನ್ನದೊಂದು ಫೋಟೋವನ್ನು ಪ್ರೆಸ್ಸಿನವನಿಗೆ ಕೊಟ್ಟೆ. ಅವನು ದಿಲ್ಲಿಯವನು. ನಮ್ಮ ಮನೆಯಲ್ಲಿ ಮೂಗು ಚುಚ್ಚುವುದು ಬಲಕ್ಕೆ, ಅವನ ಕಡೆ ಎಡಕ್ಕೆ. ಫೋಟೋವೇ ತಪ್ಪಾಗಿದೆ ಎಂದುಕೊಂಡ ಆ ಪುಣ್ಯಾತ್ಮ ಅದನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಅಚ್ಚು ಹಾಕಿದ. ಮೂಗುತಿ ಎಡಕ್ಕೆ ಬಂತು. ಅದರ ಜೊತೆಗೆ ಸೆರಗು ಬಲ ಹೆಗಲಿಗೆ ಹೋಯಿತು.

"ಭಯ್ಯಾ, ಇದೇನು ಮಾಡಿದೆ?"

"ನಿಮ್ಮ ಮೂಗುತಿ ಸರಿ ಮಾಡಿದೆ, ಮಾತಾಜಿ," ಎಂದ, ಉಪಕಾರ ಮಾಡಿದವನ ಹಾಗೆ.

ಬಾಯಿಗೆ ಬಂದದ್ದು ಬೈದೆ. ಆದರೆ ಪೊಟ್ಟಣಗಳ ರಾಶಿ ಬಂದು ಬಿದ್ದಿತ್ತು. ಪುಡಿ ತಿನ್ನುವವರು ಸೆರಗು ನೋಡುತ್ತಾರೆಯೇ ಎಂದು ಅದರಲ್ಲೇ ತುಂಬಿಸಿದೆ. ಆಮೇಲೆ ಅದೇ ರೂಢಿಯಾಯಿತು.

ವಸಂತ್ ಕುಂಜ್‌ನಿಂದ ಒಬ್ಬಳು ಹುಡುಗಿ ತಿಂಡಿಗೆ ಬರುತ್ತಿದ್ದಳು. ನಮ್ಮ ಕಡೆಯವಳೇ, ವಕೀಲೆ. ಒಂದು ದಿನ ಬಂದವಳೇ ಪೊಟ್ಟಣವೊಂದನ್ನು ಮೇಜಿಗೆ ಬಡಿದಳು.

"ಅಜ್ಜಿ, ಏನಾಗಿದೆ ನಿಮಗೆ? ಹುಳಿಯಿಲ್ಲ, ಬೆಲ್ಲವಿಲ್ಲ, ಬರೀ ಮರದ ಪುಡಿ!"

ನಾಲಗೆಗೆ ಹಾಕಿದೆ. ಥೂ! ನನ್ನದಲ್ಲ. ಪೊಟ್ಟಣದ ಮೇಲೆ ಮಾತ್ರ ಅದೇ ಹಳದಿ ಬಣ್ಣ, ಅದೇ ನಾನು.

"ಎಲ್ಲಿ ತಗೊಂಡೆ?"

"ಆಚೆ ಗಲ್ಲೀಲಿ. ನಿಮ್ಮದೇ ಇನ್ನೊಂದು ಅಂಗಡಿ ಅಂದ್ಕೊಂಡೆ."

ನನಗೆ ಉರಿದದ್ದು ಅಲ್ಲಿ. ಒಬ್ಬ ಗಿರಾಕಿ ಹೋದರೆ ಮತ್ತೊಬ್ಬ ಬರುತ್ತಾನೆ. ಆದರೆ ಆ ಬೂದಿ ತಿಂದವರೆಲ್ಲ ಮುದುಕಿಯ ಕೈರುಚಿ ಕೆಟ್ಟಿತು ಎನ್ನುತ್ತಾರಲ್ಲ!

"ಇದಕ್ಕೆ ಕಾನೂನು ಗೀನೂನು ಇಲ್ವಾ?"

"ಇದೆ. ಚಟ್ನಿಪುಡಿ ಯಾರು ಬೇಕಾದ್ರೂ ಮಾಡಬಹುದು. ತನ್ನ ಮಾಲನ್ನ ನಿಮ್ಮದು ಅಂತ ನಂಬಿಸಿ ಮಾರೋ ಹಾಗಿಲ್ಲ. ಈಗ ಟ್ರೇಡ್‌ಮಾರ್ಕಿಗೆ ಹೊಸ ಕಾನೂನೂ ಬಂದಿದೆ. ಚಿತ್ರ, ಬಣ್ಣ, ಪೊಟ್ಟಣದ ರೂಪ ಎಲ್ಲ ನೋಂದಾಯಿಸಬಹುದು."

"ನಾನು ಮಾಡಿಸಿಲ್ಲವಲ್ಲ."

"ಇಲ್ಲದಿದ್ರೂ ಇಷ್ಟು ವರ್ಷದಿಂದ ಮಾರ್ತಿದ್ದೀರಲ್ಲ, ಅದಕ್ಕೂ ಬೆಲೆಯಿದೆ. ಚಿತ್ರ ನಿಮ್ಮದೇ ಅಂತ ತೋರಿಸ್ಬೇಕು, ಅಷ್ಟೆ."

"ಮುಖಾನೇ ಇದೆ, ಇನ್ನೇನು ತೋರಿಸಲಿ? ಚಲೋ, ನಡಿ."

ಅದೂ ಒಂದು ದೋಸೆ ಅಂಗಡಿ. ಅಂಗಡಿಯವನೂ ನಮ್ಮ ಕರಾವಳಿಯವನೇ. ದಪ್ಪ ಮೀಸೆ. ಪೊಟ್ಟಣ ಮುಂದೆ ಹಿಡಿದರೆ ಕಣ್ಣು ಮಿಟುಕಿಸಲಿಲ್ಲ.

"ಅಯ್ಯೋ ಅಮ್ಮ, ಇದು ನನ್ನ ಚಿಕ್ಕಮ್ಮ. ಊರಲ್ಲಿದ್ದಾಳೆ. ನಿಮ್ಮ ಥರಾನೇ ಕಾಣ್ತಾಳೆ, ಏನು ಮಾಡೋದು?"

"ನಮ್ಮ ಕಡೆಯವಳೇ?"

"ಅಪ್ಪಟ."

"ಹಾಗಾದ್ರೆ ಸೆರಗು ಯಾಕೆ ಮಾರಾಯ ಬಲ ಹೆಗಲ ಮೇಲಿದೆ? ನಿನ್ನ ಚಿಕ್ಕಮ್ಮನಿಗೆ ಸೀರೆ ಉಡೋಕೆ ಯಾರೂ ಕಲಿಸಲಿಲ್ವಾ?"

ಅವನು ಚಿತ್ರ ನೋಡಿದ. ನನ್ನ ಸೆರಗು ನೋಡಿದ. ಹುಡುಗಿಯ ಕಪ್ಪು ಕೋಟನ್ನೂ ನೋಡಿದ.

"ಅವಳು... ಎಡಗೈಯವಳು."

ಕಾವಲಿಯ ಮುಂದೆ ನಿಂತಿದ್ದ ಅವನ ಭಟ್ಟನೇ ಮೊದಲು ನಕ್ಕಿದ್ದು. ಆಮೇಲೆ ಹುಡುಗಿ. ಕೊನೆಗೆ ಅವನಿಗೂ ತಡೆಯಲಾಗಲಿಲ್ಲ, ಮೀಸೆಯೆಲ್ಲ ಕುಣಿಯಿತು.

"ನನ್ನನ್ನು ಎಡಗೈಯವಳನ್ನಾಗಿ ಮಾಡಿದವನು ಪ್ರೆಸ್ಸಿನವನು," ಎಂದೆ. "ಕರೆಸಲಾ?"

"ಬೇಡ ಅಮ್ಮ. ತೆಗೆದುಬಿಡ್ತೀನಿ."

ಇನ್ನು ಮುಂದೆ ಹಾಕುವುದಿಲ್ಲವೆಂದು ಹುಡುಗಿ ಅಲ್ಲೇ ಅವನಿಂದ ಬರೆಸಿಕೊಂಡಳು. ಅವನು ತಲೆ ಕೆರೆದುಕೊಂಡ.

"ಹಾಗಾದ್ರೆ ನಾನು ಯಾರ ಮುಖ ಹಾಕಲಿ?"

"ನಿನ್ನದೇ ಹಾಕು."

"ಈ ಮೀಸೆ ನೋಡಿ ಯಾರು ಕೊಳ್ತಾರೆ ಅಮ್ಮ?"

"ಮೊದಲು ಹುಣಿಸೆಹಣ್ಣು ಹಾಕೋದು ಕಲಿ. ಮೀಸೆ ಆಮೇಲೆ."

ನನ್ನ ಚಿತ್ರವನ್ನು ನೋಂದಾಯಿಸುವಾಗ ಹುಡುಗಿ ಕೇಳಿದಳು: "ಅಜ್ಜಿ, ಈಗಲಾದರೂ ಸೆರಗು ಸರಿ ಮಾಡಿಸೋಣವಾ?"

"ಏನೂ ಬೇಡ. ಸರಿಯಾಗಿದ್ದಿದ್ರೆ ಅವನ ಚಿಕ್ಕಮ್ಮ ಗೆಲ್ತಿದ್ದಳು."

ಸುದ್ದಿ ಹೇಗೋ ಪ್ರೆಸ್ಸಿನವನ ಕಿವಿಗೆ ಬಿತ್ತು. ಎದೆಯುಬ್ಬಿಸಿಕೊಂಡು ಬಂದು ಕುಳಿತ.

"ನೋಡಿದಿರಾ ಮಾತಾಜಿ, ನಾನು ಸರಿ ಮಾಡಿದ್ದೆ ಅಂತ ಆವತ್ತೇ ಹೇಳಿರಲಿಲ್ಲವೇ?"

ಪುಡಿ ಸುರಿದು ತುಪ್ಪ ಹಾಕಿದ ದೋಸೆ ಕೊಡಿಸಿದೆ. ಇನ್ನೊಂದು ಬೇಕೆಂದ, ಅದನ್ನೂ ಕೊಡಿಸಿದೆ. ಬೈದದ್ದನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.