ಹೆಲ್ಮೆಟ್ ಮೇಲೆ ಕುಳಿತ ಲೊರೇನ್

ಲೊರೇನ್ ವೊಯ್ಚಿಕ್ ಅವರನ್ನು ನಾನು ಬಹಳ ದಿನ ತಂಡಕ್ಕೆ ನೀರು ಕೊಡುವವರೆಂದೇ ತಿಳಿದಿದ್ದೆ. ಅಮೆರಿಕದ ಒಹಾಯೊದಲ್ಲಿ ನಮ್ಮೂರ ಪತ್ರಿಕೆಗೆ, ಹೆಲ್ಮೆಟ್ ತೊಟ್ಟು ಡಿಕ್ಕಿ ಹೊಡೆದಾಡುವ ಅಮೆರಿಕನ್ ಫುಟ್‌ಬಾಲ್ ವರದಿ ಬರೆಯುವ ಪಂಡಿತ ನಾನು. ಒಂದು ಮಧ್ಯಾಹ್ನ ಕೈಚಾಚಿ ನೀರು ಕೇಳಿಯೂಬಿಟ್ಟೆ. ಬಾಟಲಿ ಕೊಟ್ಟವರು ನನ್ನ ನಾಡಿಯನ್ನೂ ಹಿಡಿದು, "ಬಿಸಿಲು ತಾಗಿದೆ, ನೆರಳಲ್ಲಿ ಕೂತ್ಕೊಳ್ಳಿ" ಎಂದರು.

ಆಕೆ ತಂಡದ ಅಥ್ಲೆಟಿಕ್ ಟ್ರೈನರ್. ಆಟಗಾರ ಬಿದ್ದರೆ ಮೊದಲು ಓಡುವವರು. ಎದ್ದರೆ, ಮತ್ತೆ ಆಡಬಹುದೇ ಇಲ್ಲವೇ ಎಂದು ಹೇಳುವವರು. ಓದಿ, ಪರವಾನಗಿ ಪರೀಕ್ಷೆ ಮುಗಿಸಿ, ಹೈಸ್ಕೂಲು ಹುಡುಗರ ಹಿಮ್ಮಡಿಗೆ ಪಟ್ಟಿ ಸುತ್ತುತ್ತಾ, ಕಾಲೇಜು ತಂಡಗಳ ಬಸ್ಸುಗಳಲ್ಲಿ ತೂಕಡಿಸುತ್ತಾ, ನಲವತ್ತು ದಾಟಿದ ಮೇಲೆ ವೃತ್ತಿಪರ ತಂಡಕ್ಕೆ ಬಂದಿದ್ದರು. ಅದೂ ಒಂದು ವರ್ಷಕ್ಕೆ. ಮುಂದಿನದು ಕೋಚ್ ಬ್ರುಬೇಕರ್ ಕೃಪೆ. ಈ ಮನುಷ್ಯ ಸೂಪ್ ತರಿಸಿಕೊಳ್ಳುವಾಗಲೂ ಸೇನಾಪತಿಯಂತೆ ಆಜ್ಞೆ ಕೊಡುತ್ತಿದ್ದರು.

ಗೆದ್ದರೆ ಮುಂದಿನ ಸುತ್ತು, ಸೋತರೆ ಮನೆ ಎಂಬ ಪಂದ್ಯ. ನಮ್ಮ ಮುಖ್ಯ ಆಟಗಾರ ತೆರೆಲ್ ಪ್ರೂಯಿಟ್ ತಲೆಗೆ ಪೆಟ್ಟು ಬಿದ್ದು ಎದ್ದವನು, ನೆಟ್ಟಗೆ ಎದುರಾಳಿಗಳ ಬೆಂಚಿನತ್ತ ನಡೆದ. ಲೊರೇನ್ ಅವನನ್ನು ಎಳೆದು ತಂದು ಕೂರಿಸಿದರು.

"ಹೋದ ವಾರ ಯಾರ ಮೇಲೆ ಆಡಿದ್ವಿ?"

"ನಾನು ಚೆನ್ನಾಗೇ ಇದೀನಿ, ಅಕ್ಕ!"

"ಆ ಹೆಸರಿನ ತಂಡ ಇಲ್ಲ, ತೆರೆಲ್."

ಇಂಥವರು ಕಣ್ಣು ತಪ್ಪಿಸಿ ಮೈದಾನಕ್ಕೆ ನುಗ್ಗುತ್ತಾರೆ. ಹೆಲ್ಮೆಟ್ ಇಲ್ಲದೆ ಮಾತ್ರ ನುಗ್ಗಲಾಗುವುದಿಲ್ಲ. ಅದಕ್ಕೇ ಟ್ರೈನರ್‌ಗಳು ಮೊದಲು ಹೆಲ್ಮೆಟ್ಟನ್ನೇ ಕಿತ್ತುಕೊಳ್ಳುವುದು. ಲೊರೇನ್ ಅದನ್ನು ತಮ್ಮ ಸಾಮಾನಿನ ಪೆಟ್ಟಿಗೆಯೊಳಗೆ ಹಾಕಿ, ಮುಚ್ಚಳದ ಮೇಲೆ ಕುಳಿತರು. ತಂಡದ ವೈದ್ಯರು ಒಳಗೆ ಇನ್ನೊಬ್ಬನ ಮುರಿದ ಕೈ ನೋಡುತ್ತಿದ್ದರಿಂದ ತೀರ್ಮಾನ ಲೊರೇನ್ ಅವರದೇ ಆಗಿತ್ತು.

ಬ್ರುಬೇಕರ್ ಬಂದರು. "ಏಳಮ್ಮ. ಹೆಲ್ಮೆಟ್ ಕೊಡು. ಇಡೀ ಊರು ನೋಡ್ತಿದೆ."

"ನೋಡ್ಲಿ, ಕೋಚ್."

"ಮುಂದಿನ ವರ್ಷ ಕೆಲಸ ಬೇಕೋ ಬೇಡ್ವೋ ನಿಂಗೆ?"

"ಬೇಕು. ಹೆಲ್ಮೆಟ್ ಕೊಡಲ್ಲ."

ಬ್ರುಬೇಕರ್ ಟೋಪಿ ನೆಲಕ್ಕೆ ಬಡಿದರು. ಕ್ಯಾಮೆರಾ ತಮ್ಮತ್ತ ತಿರುಗಿದ್ದು ಕಂಡು, ಎತ್ತಿ ಧೂಳು ಕೊಡವಿ ಹಾಕಿಕೊಂಡರು. ನಾವು ಸೋತೆವು. ಸಂಜೆ ವೈದ್ಯರು ತೆರೆಲ್‌ಗೆ ತಿಂಗಳುಗಟ್ಟಲೆ ಆಟ ಬೇಡವೆಂದರು. ಮರುದಿನ ಬ್ರುಬೇಕರ್ ಲೊರೇನ್‌ಗೆ, ಮುಂದಿನ ವರ್ಷ ಬರುವುದು ಬೇಡವೆಂದರು.

ಲೊರೇನ್ ಕತ್ತರಿ, ಪಟ್ಟಿ ಸುರುಳಿಗಳನ್ನು ಡಬ್ಬಕ್ಕೆ ತುಂಬುತ್ತಿದ್ದಾಗ ನಾನು ಪೆನ್ನು ಹಿಡಿದು ಗಂಭೀರವಾಗಿ ಕೇಳಿದೆ: "ಇಡೀ ಊರಿನ ಗೆಲುವಿಗಿಂತ ಒಬ್ಬನ ತಲೆ ದೊಡ್ಡದಾ?"

ಡಬ್ಬದಿಂದ ತಲೆಯೆತ್ತದೆ ಲೊರೇನ್ ಹೇಳಿದರು: "ನಿಮ್ಮ ತಲೆ ಆಗಿದ್ರೆ ಯೋಚಿಸ್ಬಹುದಿತ್ತು."