ಗೊಂಬೆಗೆ ದನಿಯಾದ ಚಿದಾನಂದ

ವಿರಾಜಪೇಟೆ ಹತ್ತಿರ, ನರ್ಸಿಂಗ್ ಕಲಿಸುವ ಮೇಡಂಗಳಿಗೆ ತರಬೇತಿ ಕೊಡುವ ಒಂದು ಜಾಗ ಇದೆ. ನಾನು ಅಲ್ಲಿ ಅಟೆಂಡರ್. ಗೊಂಬೆಯನ್ನು ಒರೆಸುವುದು, ಬಟ್ಟೆ ಹಾಕುವುದು, ಮಂಚದ ಮೇಲೆ ಮಲಗಿಸುವುದು ನನ್ನ ಕೆಲಸ. ಆ ಗೊಂಬೆಗೆ ಮಾತು ಕೊಡುವವರು ಚಿದಾನಂದ. ಅವರ ಬಗ್ಗೆ ಬರೆಯುತ್ತಿದ್ದೇನೆ.

ಗೊಂಬೆ ಆಳೆತ್ತರ ಇದೆ. ಕಣ್ಣು ಮುಚ್ಚಿ ತೆರೆಯುತ್ತದೆ. ಎದೆ ಏರಿಳಿಯುತ್ತದೆ. ಮಣಿಕಟ್ಟು ಹಿಡಿದರೆ ನಾಡಿ ಸಿಗುತ್ತದೆ. ತಲೆಯೊಳಗೆ ಒಂದು ಸ್ಪೀಕರ್ ಇದೆ. ಪಕ್ಕದ ಕೋಣೆಯಲ್ಲಿ ಗಾಜಿನ ಹಿಂದೆ ಚಿದಾನಂದ ಮೈಕ್ ಹಿಡಿದು ಕೂರುತ್ತಾರೆ. ಮೈಕಿನ ಗುಂಡಿ ಒತ್ತಿದರೆ ಅವರ ಮಾತು ಆ ಕಡೆ ಹೋಗುತ್ತದೆ, ಆ ಕಡೆಯ ಸದ್ದು ಇಲ್ಲಿನ ಸಣ್ಣ ಸ್ಪೀಕರಿನಲ್ಲಿ ಬರುತ್ತದೆ. ಆ ಕಡೆಯಿಂದ ಗಾಜು ಕನ್ನಡಿಯ ಹಾಗೆ, ಅಲ್ಲಿಯವರಿಗೆ ಅವರು ಕಾಣುವುದಿಲ್ಲ. ಅವರು ಇಲ್ಲಿ ಕೆಮ್ಮಿದರೆ ಗೊಂಬೆ ಅಲ್ಲಿ ಕೆಮ್ಮುತ್ತದೆ. ಮೊದಮೊದಲು ನನಗೆ ಭಯ ಆಗುತ್ತಿತ್ತು. ಆಮೇಲೆ ಅಭ್ಯಾಸ ಆಯಿತು. ಈಗ ಬೆಳಿಗ್ಗೆ ಗೊಂಬೆಯ ಮುಖ ಒರೆಸುವಾಗ ನಾನೇ ಮಾತಾಡಿಸುತ್ತೇನೆ. ಅದು ಸುಮ್ಮನೆ ನನ್ನನ್ನೇ ನೋಡುತ್ತಿರುತ್ತದೆ.

ಇಲ್ಲಿಗೆ ಬರುವ ಮೇಡಂಗಳು ಒಬ್ಬೊಬ್ಬರು ಒಂದು ಕೇಸ್ ಕಟ್ಟಬೇಕು. ರೋಗಿ ಯಾರು, ಏನಾಗಿದೆ, ಯಾವ ನಿಮಿಷಕ್ಕೆ ಏನಾಗಬೇಕು, ಎಲ್ಲ ಬರೆಯಬೇಕು. ಉಳಿದವರು ನರ್ಸ್‌ಗಳಾಗಿ ಆ ರೋಗಿಯನ್ನು ನೋಡುತ್ತಾರೆ. ಕೇಸ್ ಕಟ್ಟಿದವರು ಚಿದಾನಂದರ ಪಕ್ಕ ನಿಂತು ಕೈ ಸನ್ನೆ ಮಾಡುತ್ತಾರೆ. ಅದು ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಆಮೇಲೆ ಕುರ್ಚಿಗಳನ್ನು ದುಂಡಗೆ ಹಾಕಿ ಕೂತು ಮಾತಾಡುತ್ತಾರೆ. ಅದಕ್ಕೆ ಮುಕ್ಕಾಲು ಗಂಟೆ. ಕಲಿಸುವವರು ಡಾಕ್ಟರ್ ಬೆಳ್ಯಪ್ಪ. ಅವರು ಮೊದಲ ದಿನವೇ ಹೇಳಿಬಿಡುತ್ತಾರೆ: ಬೈಯಬಾರದು. ಸುಮ್ಮನೆ ಹೊಗಳಬಾರದು. ನೀವು ಕಂಡದ್ದನ್ನು ಹೇಳಿ, ಆಗ ಅವರ ಮನಸ್ಸಲ್ಲಿ ಏನಿತ್ತು ಅಂತ ಕೇಳಿ. ಕೇಳಿದ ಮೇಲೆ ಉತ್ತರ ಬರುವವರೆಗೆ ಕಾಯಿರಿ.

ಚಿದಾನಂದ ಇಪ್ಪತ್ತೊಂದು ವರ್ಷ ಆಂಬುಲೆನ್ಸ್ ಓಡಿಸಿದವರು. ಅವರ ತಂದೆ ಅರಕಲಗೂಡು ಕಡೆಯಿಂದ ಬಂದು ಹಾರಂಗಿ ಹತ್ತಿರ ಗದ್ದೆ ಮಾಡಿದ್ದರು. ಗದ್ದೆ ತಮ್ಮನಿಗೆ ಹೋಯಿತು, ಸ್ಟೇರಿಂಗ್ ಇವರಿಗೆ ಬಂತು. ಕೊಡಗಿನಿಂದ ಮೈಸೂರಿಗೆ ಎಷ್ಟು ಜನರನ್ನು ಕರೆದುಕೊಂಡು ಹೋದರೋ, ಅವರಿಗೇ ಲೆಕ್ಕ ಇಲ್ಲ. ಆಮೇಲೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಯಿತು. ಗಾಡಿ ಬಿಡಬೇಕಾಯಿತು. ಎರಡು ವರ್ಷ ಮನೆಯ ಜಗಲಿಯಲ್ಲಿ ಕೂತಿದ್ದರು. ರಸ್ತೆಯಲ್ಲಿ ಹೋಗುವ ಗಾಡಿಗಳ ಸದ್ದು ಕೇಳಿ ಯಾವ ಗೇರಿನಲ್ಲಿದೆ ಎಂದು ಹೇಳುತ್ತಿದ್ದರಂತೆ. ಕೇಳಲು ಹೆಂಡತಿ ರಂಗಮ್ಮ ಬಿಟ್ಟರೆ ಯಾರೂ ಇರಲಿಲ್ಲ.

ಒಂದು ಕಣ್ಣಿನ ಕ್ಯಾಂಪಿನಲ್ಲಿ ಬೆಳ್ಯಪ್ಪ ಡಾಕ್ಟರಿಗೆ ಇವರು ಸಿಕ್ಕರು. ಸಾಲಿನಲ್ಲಿ ನಿಂತವರ ಜೊತೆ ಐದು ಭಾಷೆಯಲ್ಲಿ ಮಾತಾಡುತ್ತಿದ್ದರು. ಡಾಕ್ಟರು ಅಲ್ಲೇ ಕೇಳಿದರು.

"ನರಳ್ಲಿಕ್ಕೆ ಬರ್ತದಾ ನಿಮಗೆ?"

"ಯಾವ್ ಭಾಷೇಲಿ ಬೇಕು ಡಾಕ್ಟ್ರೆ?" ಎಂದರು ಚಿದಾನಂದ. "ಹೊಟ್ಟೆನೋವಿಗೆ ಮಲಯಾಳ ಚೆನ್ನಾಗಿರ್ತದೆ. ಮಂಡಿನೋವಿಗೆ ಉರ್ದು."

ಹಾಗೆ ಅವರು ಮೈಕಿನ ಮುಂದೆ ಬಂದು ಕೂತರು. ಕುಶಾಲನಗರದಿಂದ ಬೆಳಿಗ್ಗೆಯ ಬಸ್ಸಿನಲ್ಲಿ ಬರುತ್ತಾರೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಾರೆ. "ಗಾಜಿನ ಹಿಂದೆ ಕೂರೋದಕ್ಕೆ ಮದ್ವೆಗೆ ಹೋದಂಗೆ ಹೋಗ್ತೀರಲ್ಲ" ಎಂದು ರಂಗಮ್ಮ ನಗುತ್ತಾರಂತೆ.

ಈ ಮಾರ್ಚಿನಲ್ಲಿ ಮೋಕ್ಷಿತಾ ಮೇಡಂ ಬಂದರು. ಕಾಫಿ ಹೂ ಬಿಟ್ಟ ವಾರ ಅದು. ಕಿಟಕಿ ತೆಗೆದರೆ ಕೋಣೆ ತುಂಬ ಅದೇ ವಾಸನೆ. ಗೊಂಬೆಯ ಕೂದಲಿಗೂ ಹತ್ತಿಕೊಂಡಿತ್ತು. ಮೋಕ್ಷಿತಾ ಮೇಡಂ ಕಟ್ಟಿದ ಕೇಸ್ ಇದು: ಸಣ್ಣಸ್ವಾಮಿ, ಎಸ್ಟೇಟಿನಲ್ಲಿ ಮರಗಸಿ ಮಾಡುವವನು, ಅಂದರೆ ನೆರಳು ಮರಗಳನ್ನು ಸವರುವವನು. ಕೊಂಬೆ ಕಡಿಯುವಾಗ ಹೆಜ್ಜೇನು ಎದ್ದು ಕಚ್ಚಿವೆ. ಬಂದಾಗ ಮಾತಾಡುತ್ತಾನೆ. ನಾಲ್ಕನೇ ನಿಮಿಷಕ್ಕೆ ದನಿ ಒಡೆಯುತ್ತದೆ. ಐದಕ್ಕೆ ಮಾತು ನಿಲ್ಲುತ್ತದೆ. ಗಂಟಲು ಕಟ್ಟುತ್ತಿದೆ ಎಂದು ನರ್ಸ್‌ಗಳಿಗೆ ಆ ದನಿಯಿಂದಲೇ ಗೊತ್ತಾಗಬೇಕು. ಕೂಡಲೇ ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಕೊಡಬೇಕು. ಕೊಟ್ಟು ನಾಲ್ಕು ನಿಮಿಷ ಆದ ಮೇಲೆ ಮಾತು ಮರಳುತ್ತದೆ.

ಮೊದಲ ಸಲ ನಾಲ್ಕು ನಿಮಿಷ ಆಯಿತು. ಚಿದಾನಂದರ ದನಿ ಒಡೆಯಲಿಲ್ಲ. ಐದಾಯಿತು. ಗೊಂಬೆ ಮಾತಾಡುತ್ತಲೇ ಇತ್ತು.

"ನಮ್ಮನೆಗೆ ಬರ್ಬೇಕು ಸಿಸ್ಟರ್ ನೀವು. ಸಿದ್ದಾಪುರದಲ್ಲಿ ಇಳೀರಿ. ಸೇತುವೆ ಸಿಕ್ತದೆ. ದಾಟಿ ಎಡಕ್ಕೆ ಹೋದ್ರೆ ಎಸ್ಟೇಟಿನ ಲೈನ್ ಮನೆ ಸಾಲು. ನಮ್ದು ಕೊನೇದು, ಸೀಬೆ ಮರ ಇರೋದು."

ನರ್ಸ್ ಆಗಿದ್ದ ಲಿಖಿತಾ ಮೇಡಂ ಗೊಂಬೆಯ ಕೈ ಹಿಡಿದು ನಗುತ್ತಾ ಕೇಳುತ್ತಿದ್ದರು. ಇಂಜೆಕ್ಷನ್ ಟ್ರೇಯಲ್ಲೇ ಉಳಿಯಿತು.

ಕುರ್ಚಿಗಳಲ್ಲಿ ಕೂತ ಕೂಡಲೇ ಮೋಕ್ಷಿತಾ ಮೇಡಂ ಸಿಟ್ಟಾದರು. "ಮಾನಿಟರ್ ಅಷ್ಟು ಹೊಡ್ಕೊಳ್ತಾ ಇತ್ತು, ಪ್ರೆಶರ್ ಇಳ್ದಿತ್ತು. ನೀವು ಎಂತ ಮಾಡಿದ್ದು ಲಿಖಿತಾ? ಸೀಬೆಹಣ್ಣು ತಿನ್ಲಿಕ್ಕೆ ಹೊರಟದ್ದಾ?"

ಲಿಖಿತಾ ಮೇಡಂ ತಲೆ ತಗ್ಗಿಸಿದರು. ಬೆಳ್ಯಪ್ಪ ಡಾಕ್ಟರು ಕೈ ಎತ್ತಿದರು. "ಬೈದಾಯ್ತು. ಈಗ ಕೇಳಿ."

ಮೋಕ್ಷಿತಾ ಮೇಡಂ ಕುರ್ಚಿಯನ್ನು ಲಿಖಿತಾ ಕಡೆ ತಿರುಗಿಸಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು. "ಮಾನಿಟರ್ ನೋಡಿದ್ರಿ, ಆದ್ರೂ ಇಂಜೆಕ್ಷನ್ ತಗೊಳ್ಲಿಲ್ಲ. ಆಗ ಎಂತ ಅಂದ್ಕೊಂಡ್ರಿ?"

"ಮಿಷಿನ್ ತಪ್ಪು ಅಂದ್ಕೊಂಡೆ ಮೇಡಂ" ಎಂದರು ಲಿಖಿತಾ. "ಉಸಿರು ಕಟ್ಟಿದವ ಅಷ್ಟು ಚೆಂದ ದಾರಿ ಹೇಳ್ತಾನಾ?"

ಎಲ್ಲರೂ ಗಾಜಿನ ಕಡೆ ತಿರುಗಿದರು. ಅವರಿಗೆ ಅವರದೇ ಮುಖ ಕಂಡಿರಬೇಕು. ಒಳಗೆ ಚಿದಾನಂದ ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು.

ಎರಡನೇ ಸಲ, ಮಾರನೇ ದಿನ. ದನಿ ಸ್ವಲ್ಪ ಒಡೆಯಿತು. ನಿಲ್ಲಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ. ಅವರ ಬೆರಳು ಮೈಕಿನ ಗುಂಡಿ ಬಿಡಲೇ ಇಲ್ಲ. ಉಗುರು ಬೆಳ್ಳಗಾಗಿತ್ತು.

ಬೆಳ್ಯಪ್ಪ ಡಾಕ್ಟರು ಒಳಗೆ ಬಂದರು. ಬೈಯಲಿಲ್ಲ. "ಚಿದಾನಂದ, ಈ ಕೇಸಿನಲ್ಲಿ ಮಾತು ನಿಲ್ಲೋದೇ ಪಾಠ ಮಾರಾಯ್ರೆ. ನೀವು ನಿಲ್ಸದಿದ್ರೆ ಇವರು ತಪ್ಪು ಕಲ್ತು ಹೋಗ್ತಾರೆ. ಮುಂದೆ ಇವರು ಕಲ್ಸೋ ಹುಡುಗಿಯರೂ ಅದೇ ತಪ್ಪು ಕಲೀತಾರೆ. ಶನಿವಾರ ಇನ್ನೊಮ್ಮೆ ಮಾಡುವ. ಆಗಲೂ ಆಗ್ಲಿಲ್ಲ ಅಂದ್ರೆ ರೆಕಾರ್ಡ್ ಮಾಡಿದ ದನಿ ಹಾಕ್ಬೇಕಾಗ್ತದೆ. ಈ ಕೇಸಿಗೆ ಮಾತ್ರ ಅಲ್ಲ, ಎಲ್ಲದಕ್ಕೂ."

"ಸರಿ ಡಾಕ್ಟ್ರೆ" ಎಂದರು ಚಿದಾನಂದ. ಮಧ್ಯಾಹ್ನ ಊಟದ ಡಬ್ಬಿ ತೆಗೆಯಲಿಲ್ಲ. ಜಗಲಿ ಅವರ ಕಣ್ಣ ಮುಂದೆ ಬಂದಿರಬೇಕು.

ಅವತ್ತು ಊಟದ ಹೊತ್ತಿನಲ್ಲಿ ಮೋಕ್ಷಿತಾ ಮೇಡಂ ಗಾಜಿನ ಕೋಣೆಗೆ ಬಂದರು. ಒಂದು ಕುರ್ಚಿ ಎಳೆದು ಅವರ ಎದುರು ಹಾಕಿದರು. ನಾನು ಹೊರಗೆ ಹೋಗಲು ಎದ್ದೆ. "ಇರಿ ಅಶೋಕಣ್ಣ" ಎಂದರು. ಚಿದಾನಂದರಿಗೆ ಹೇಳಿದರು. "ಐದನೇ ನಿಮಿಷಕ್ಕೆ ನಾನು ಕೈ ಸನ್ನೆ ಮಾಡಿದೆ. ನೀವು ನೋಡಿದ್ರಿ. ಆದ್ರೂ ದಾರಿ ಹೇಳ್ತಾ ಹೋದ್ರಿ. ಆಗ ನಿಮ್ಮ ಮನಸ್ಸಲ್ಲಿ ಎಂತ ಇತ್ತು?"

ಚಿದಾನಂದ ಮೈಕಿನ ಗುಂಡಿ ಸವರುತ್ತಾ ಕೂತರು. ಮೇಡಂ ಕಾದರು. ಹೊರಗೆ ಹೂವಿಗೆ ಬಂದ ಜೇನುಹುಳಗಳ ಸದ್ದು. ಆ ಕಡೆ ಮಂಚದ ಮೇಲೆ ಗೊಂಬೆಯ ಎದೆ ಏಳುತ್ತಿತ್ತು, ಇಳಿಯುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಎಷ್ಟು ಹೊತ್ತು ಹೋಯಿತೋ ಗೊತ್ತಿಲ್ಲ.

"ಗಾಡೀಲಿ ನಂದೊಂದು ಪದ್ಧತಿ ಇತ್ತು ಮೇಡಂ" ಎಂದರು ಕೊನೆಗೆ. "ಹಿಂದೆ ಮಲಗಿರೋರ್ನ ದಾರಿ ಕೇಳ್ತಿದ್ದೆ. ನಂಗೀ ಕಡೆ ಗೊತ್ತಿಲ್ಲ, ಸ್ವಲ್ಪ ಹೇಳಣ್ಣ, ಸ್ವಲ್ಪ ಹೇಳಕ್ಕ ಅಂತ. ಗೊತ್ತಿಲ್ದೆ ಏನು, ಒಂದೊಂದ್ ಗುಂಡೀನೂ ಗೊತ್ತಿತ್ತು. ದಾರಿ ಹೇಳೋರು ನಿದ್ದೆಗೆ ಜಾರಲ್ಲ. ಡ್ರೈವರ್‌ನ ದಾರಿ ತಪ್ಪಿಸ್ಬಾರ್ದು ಅಂತ ಎಚ್ಚರ ಇರ್ತಾರೆ."

"ಎಲ್ಲರೂ ಹೇಳ್ತಿದ್ರಾ?"

"ಹೇಳ್ತಿದ್ರು. ಕೆಲವ್ರು ಬೈತಿದ್ರು, ದಾರಿ ಗೊತ್ತಿಲ್ದೋನಿಗೆ ಯಾವನಯ್ಯ ಗಾಡಿ ಕೊಟ್ಟಿದ್ದು ಅಂತ. ಬೈದ್ರೆ ಇನ್ನೂ ಒಳ್ಳೇದು." ಅವರು ನಕ್ಕರು. ಆಮೇಲೆ ನಗು ಹೋಯಿತು. "ದೊಡ್ಡಿ ಅಂತ ಒಬ್ಳು ಹೆಂಗಸು. ಸಿದ್ದಾಪುರದ ಕಡೆ ಎಸ್ಟೇಟಲ್ಲಿ ಕಾಫಿ ಪಿಕಿಂಗ್ ಮಾಡೋಳು. ಎದೆನೋವು. ಬೆಳಿಗ್ಗೆ ಹತ್ತು ಗಂಟೆ, ಒಳ್ಳೆ ಬಿಸಿಲು. ಮಾಲ್ದಾರೆ ಕಾಡಿನ ದಾರಿ ಪೂರ್ತಿ ಹೇಳಿದ್ಲು. ಇಲ್ಲಿ ಆನೆ ದಾಟ್ತದೆ ಅಣ್ಣ, ಮೆಲ್ಲಗೆ ಹೋಗು ಅಂದ್ಲು. ಪಿರಿಯಾಪಟ್ಟಣ ಹೇಳಿದ್ಲು, ಹುಣಸೂರು ಹೇಳಿದ್ಲು. ಊರು ದಾಟಿದ ಮೇಲೆ ಕೇಳ್ದೆ, ಮುಂದೆ ಹೆಂಗಕ್ಕ? ಇಲ್ಲಿಂದ ಆಚೆಗೆ ನಾನು ಹೋಗಿಲ್ಲ ಅಣ್ಣ ಅಂದ್ಲು. ಅಷ್ಟೇಯ."

ಚಿದಾನಂದ ಗಾಜಿನಾಚೆ ಮಲಗಿದ್ದ ಗೊಂಬೆಯ ಕಡೆ ತಿರುಗಿದರು.

"ಆಮೇಲೆ ನಾನೇ ಹೇಳ್ತಾ ಹೋದೆ. ಈಗ ಮರದ ಸಾಲು ಬಂತು ಅಕ್ಕ, ಈಗ ಕೆರೆ ಬಂತು, ಈಗ ಬಲಕ್ಕೆ ತಿರುಗ್ತದೆ. ಹಿಂದಿದ್ದ ಸಿಸ್ಟರು ಚಿದಣ್ಣ ಸಾಕು ಅಂದ್ರು. ನಿಲ್ಸಕ್ಕಾಗ್ಲಿಲ್ಲ. ಮೈಸೂರಿನ ಆಸ್ಪತ್ರೆ ಗೇಟಿನವರೆಗೂ ಹೇಳ್ದೆ. ಈಗ್ಲೂ ಒಂದೊಂದ್ಸಲ ಬಸ್ಸಲ್ಲಿ ಕೂತ್ರೆ ಬಾಯಿ ಅದಾಗೇ ಹೇಳ್ತಿರ್ತದೆ. ಇಲ್ಲಿ ಮೈಕಿನ ಗುಂಡಿ ಬಿಟ್ರೆ ಆ ಕಡೆ ಸದ್ದೇ ಇರಲ್ಲ ಮೇಡಂ. ಆ ಸದ್ದಿಲ್ದೆ ಇರೋದು ನಂಗೆ ಗೊತ್ತು."

ಮೋಕ್ಷಿತಾ ಮೇಡಂ ಸಮಾಧಾನ ಹೇಳಲಿಲ್ಲ. ಇನ್ನೊಂದು ಪ್ರಶ್ನೆ ಕೇಳಿದರು. "ದೊಡ್ಡಿ ಸುಮ್ಮನಾದಾಗ ಹಿಂದೆ ಸಿಸ್ಟರ್ ಎಂತ ಮಾಡ್ತಿದ್ರು?"

ಚಿದಾನಂದ ಮಂಜು ಕಣ್ಣಿನಿಂದ ಅವರನ್ನೇ ನೋಡಿದರು. "ಗೊತ್ತಿಲ್ಲ. ನಾನು ಮಾತಾಡ್ತಾ ಇದ್ನಲ್ಲ."

ಶನಿವಾರ ನಾನು ಗೊಂಬೆಗೆ ಹಳೆ ಶರ್ಟ್ ಹಾಕಿದೆ. ತೋಳಿಗೆ, ಕುತ್ತಿಗೆಗೆ ಕೆಂಪು ಬಣ್ಣ ಹಚ್ಚಿ ಬಾವು ಮಾಡಿದೆ. ಮೋಕ್ಷಿತಾ ಮೇಡಂ ಕೇಸಿನ ಹಾಳೆ ಬದಲಿಸಿ ಬರೆದಿದ್ದರು. ಮೊದಲು ಅದರಲ್ಲಿ ಕಲಿಯಬೇಕಾದ್ದು ಅಂತ ಆರು ಸಾಲು ಇತ್ತು. ಈಗ ಒಂದೇ ಸಾಲು ಇತ್ತು: ದನಿ ಕೇಳಿ.

ಶುರುವಾಯಿತು. ಗೊಂಬೆ ಉರಿ ಎಂದಿತು, ತುರಿಕೆ ಎಂದಿತು. ಲಿಖಿತಾ ಮೇಡಂ ಮನೆ ಎಲ್ಲಿ ಎಂದು ಕೇಳಿದರು. ಗೊಂಬೆ ದಾರಿ ಹೇಳತೊಡಗಿತು. ಬಸ್ಸು, ಸೇತುವೆ, ಲೈನ್ ಮನೆ. ನಾಲ್ಕನೇ ನಿಮಿಷಕ್ಕೆ ದನಿ ಗೊಗ್ಗರಾಯಿತು. ಅದು ನಟನೆ ಅನಿಸಲಿಲ್ಲ ನನಗೆ. "ದಾಟಿ... ಎಡಕ್ಕೆ..." ಎಂದರು. ಗುಂಡಿಯಿಂದ ಬೆರಳು ತೆಗೆದರು.

ಗಾಜಿನ ಆ ಕಡೆ ಎಲ್ಲ ನೀರೊಳಗೆ ನಡೆದ ಹಾಗೆ ನಡೆಯುತ್ತಿತ್ತು. ಲಿಖಿತಾ ಮೇಡಂ ತಲೆ ಎತ್ತಿದರು. ಅವರು ನೋಡಿದ್ದು ಗೊಂಬೆಯ ಬಾಯನ್ನು, ಮಾನಿಟರನ್ನಲ್ಲ. "ದನಿ ಹೋಯ್ತು. ಅಡ್ರಿನಲಿನ್. ತೊಡೆಗೆ." ಒಬ್ಬರು ಕಾಲು ಎತ್ತಿ ಹಿಡಿದರು. ಒಬ್ಬರು ಆಕ್ಸಿಜನ್ ಇಟ್ಟರು. ಇಂಜೆಕ್ಷನ್ ಹೋಯಿತು.

ಇನ್ನು ನಾಲ್ಕು ನಿಮಿಷ. ಚಿದಾನಂದ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತರು. ತುಟಿ ಅಲ್ಲಾಡುತ್ತಿತ್ತು. ಆಮೇಲೆ ಅದೂ ನಿಂತಿತು. ಅವರು ತಲೆಯನ್ನು ಒಂದು ಕಡೆಗೆ ವಾಲಿಸಿದರು, ದೂರದ ಗಾಡಿಯ ಸದ್ದು ಕೇಳುವವರ ಹಾಗೆ. ನಾನು ಗಡಿಯಾರ ನೋಡಿದೆ. ಮುಳ್ಳು ತಿರುಗುತ್ತಿತ್ತು. ಆ ಕಡೆಯಿಂದ ಹೆಂಗಸರ ದನಿ ಸಣ್ಣಗೆ ಬರುತ್ತಿತ್ತು. ಕಾಫಿ ಹೂವಿನ ವಾಸನೆ ಬರುತ್ತಿತ್ತು.

ಮೋಕ್ಷಿತಾ ಮೇಡಂ ಕೈ ಎತ್ತಿದರು. ನಾಲ್ಕು ನಿಮಿಷ ಆಗಿತ್ತು. ಚಿದಾನಂದ ಕೂಡಲೇ ಗುಂಡಿ ಒತ್ತಲಿಲ್ಲ. ಒಂದು ಉಸಿರು ಎಳೆದುಕೊಂಡು ಆಮೇಲೆ ಒತ್ತಿದರು. "ನೀರು" ಎಂದಿತು ಗೊಂಬೆ.

ಅವತ್ತು ಕುರ್ಚಿಗಳನ್ನು ಹಾಕುವಾಗ ಬೆಳ್ಯಪ್ಪ ಡಾಕ್ಟರು ಒಂದು ಹೆಚ್ಚಿಗೆ ಹಾಕಿಸಿದರು. ಚಿದಾನಂದ ಗಾಜಿನ ಕೋಣೆಯಿಂದ ಬಂದು ಅದರಲ್ಲಿ ಕೂತರು. ಲಿಖಿತಾ ಮೇಡಂ "ಓ, ನಮ್ಮ ಸಣ್ಣಸ್ವಾಮಿ ಇಷ್ಟು ಇಸ್ತ್ರಿ ಮಾಡಿದ ಶರ್ಟ್ ಹಾಕ್ತಾನಾ" ಎಂದರು. ನಗು ಆಯಿತು. ಒಬ್ಬೊಬ್ಬರೂ ಹೇಳಿದರು. ಕೊನೆಗೆ ಮೋಕ್ಷಿತಾ ಮೇಡಂ ಇವರನ್ನು ಕೇಳಿದರು.

"ನೀವು ಸುಮ್ಮನಿದ್ದ ನಾಲ್ಕು ನಿಮಿಷ, ಆ ಕಡೆಯಿಂದ ನಿಮಗೆ ಎಂತ ಕೇಳಿಸ್ತು?"

"ಸದ್ದಿತ್ತು ಮೇಡಂ" ಎಂದರು ಚಿದಾನಂದ. "ಇರಲ್ಲ ಅಂದ್ಕೊಂಡಿದ್ದೆ. ಬಾಟ್ಲಿ ತೆಗೆದ ಸದ್ದು. ಪ್ಲಾಸ್ಟರ್ ಹರಿದ ಸದ್ದು. ಈ ಲಿಖಿತಮ್ಮ ಮೆಲ್ಲಗೆ ಉಸಿರು ಎಣಿಸ್ತಾ ಇದ್ರು. ಮಧ್ಯೆ ಮಧ್ಯೆ ಹೆದರ್ಬೇಡಿ ಅಣ್ಣ ಅಂತಿದ್ರು." ಅವರು ಲಿಖಿತಾ ಮೇಡಂ ಕಡೆ ನೋಡಿದರು. "ಅವತ್ತೂ ನನ್ನ ಹಿಂದೆ ಇದೆಲ್ಲ ನಡೀತಿತ್ತು ಅನ್ನಿಸ್ತದೆ. ಆ ಸಿಸ್ಟರು ಸುಮ್ನೆ ಕೂತಿರ್ಲಿಕ್ಕಿಲ್ಲ. ದೊಡ್ಡಿ ಒಬ್ಳೇ ಹೋಗಿರ್ಲಿಕ್ಕಿಲ್ಲ."

ಆಮೇಲೆ ಡಾಕ್ಟರು ಕನ್ನಡಕ ಹಾಕಿಕೊಂಡು ಕೈಯಲ್ಲಿದ್ದ ಹಾಳೆ ತಿರುಗಿಸಿದರು.

"ಸೋಮವಾರ ಹೊಸ ಕೇಸ್ ಉಂಟು ಚಿದಾನಂದ. ಅಜ್ಜ. ಕಿವಿ ಕೇಳ್ಸಲ್ಲ, ಸಿಟ್ಟು ಜಾಸ್ತಿ. ಆಗ್ತದಾ?"

"ಯಾವ್ ಭಾಷೆ ಅಜ್ಜ ಡಾಕ್ಟ್ರೆ?" ಎಂದರು ಚಿದಾನಂದ.