ಪಾಸಾದ ಟ್ರಿಗರ್

ಅಂಕಲ್ ಅವರ ಬಲಗೈ ತೋರುಬೆರಳಿನ ತುದಿ ಚಪ್ಪಟೆಯಾಗಿತ್ತು. ಜೀವಮಾನವಿಡೀ ಏನನ್ನಾದರೂ ಒತ್ತಿ ಒತ್ತಿ ನೋಡಿದ ಬೆರಳು ಅದು. ನಮ್ಮ ಮನೆಗೆ ಊಟಕ್ಕೆ ಬಂದರೂ ಸುಮ್ಮನೆ ಕೂರುವ ಜಾಯಮಾನವಲ್ಲ. ಬಾಗಿಲಿನ ಲಾಕು, ಟಾರ್ಚಿನ ಗುಂಡಿ, ನನ್ನ ಮಗಳ ಬಾಲ್‌ಪೆನ್ನು, ಕೈಗೆ ಸಿಕ್ಕಿದ್ದನ್ನೆಲ್ಲ ಟಕ್ ಎನ್ನಿಸಿ ಕಿವಿಗೊಟ್ಟು ಕೇಳುವರು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೈಸೂರಿನಿಂದ ಅಮೆರಿಕಕ್ಕೆ ಬಂದು ಮಿಶಿಗನ್ನಿನ ರಾಚೆಸ್ಟರ್ ಹಿಲ್ಸ್‌ನಲ್ಲಿ ಕೆಲಸಕ್ಕೆ ಸೇರಿದಾಗ ಅವರು ನಮ್ಮ ಟೆಸ್ಟಿಂಗ್ ಲ್ಯಾಬಿನ ಹಿರಿಯ ಎಂಜಿನಿಯರ್. ಕಾರಿನ ಬಾಗಿಲಿನ ಲ್ಯಾಚುಗಳನ್ನು ಮುರಿಯುವವರೆಗೂ ತೆಗೆದು ಮುಚ್ಚಿ ನೋಡುವುದು ನಮ್ಮ ಕೆಲಸ. ಅವರು ಹಾಸನದ ಕಡೆಯ ಮುಸ್ಲಿಮರು. ತಂದೆ ಅಲ್ಲಿ ಕಾಫಿ ತೋಟದವರ ಬಂದೂಕು ರಿಪೇರಿ ಮಾಡುತ್ತಿದ್ದರಂತೆ. ನನ್ನ ಕನ್ನಡ ಕಿವಿಗೆ ಬಿದ್ದ ದಿನವೇ, ಭಾನುವಾರ ಮನೆಗೆ ಬಾ, ನಿನಗೆ ಅಂತ ಬೇರೆ ಪಾತ್ರೆಯಲ್ಲಿ ಸಾರು ಮಾಡಿಸುತ್ತೇನೆ ಎಂದು ಹೆಂಡತಿಯನ್ನು ಒಂದು ಮಾತೂ ಕೇಳದೆ ಕರೆದುಬಿಟ್ಟರು. ಆಂಟಿ ಪಾಪ, ವರ್ಷಗಟ್ಟಲೆ ಮಾಡಿ ಹಾಕಿದರು.

ನವೆಂಬರಿನ ಜಿಂಕೆ ಬೇಟೆ ಹತ್ತಿರ ಬಂತೆಂದರೆ ಲ್ಯಾಬಿನ ಅಮೆರಿಕನ್ನರಿಗೆ ಮೈಮೇಲೆ ಪ್ರಜ್ಞೆ ಇರುತ್ತಿರಲಿಲ್ಲ. ರೈಫಲಿನ ಜೊತೆ ಬಂದ ಟ್ರಿಗರ್ ಬಿಗಿ ಎಂದು ಅದನ್ನು ಕಿತ್ತು, ಬೇರೆ ಕಂಪನಿಯ, ಚೂರು ಒತ್ತಿದರೆ ಸಾಕೆನ್ನುವ ಹಗುರ ಟ್ರಿಗರ್ ಹಾಕಿಕೊಳ್ಳುವುದು ಅವರಿಗೊಂದು ಶೋಕಿ. ಅದು ನಂಬಿಕಸ್ಥವೋ ಅಲ್ಲವೋ ಎಂದು ಹೇಳಲು ಮಾತ್ರ ಅಂಕಲ್ಲೇ ಬೇಕು. ಅವರು ಬೇಸ್‌ಮೆಂಟಿನಲ್ಲಿ ಹಳೆಯ ವೈಪರ್ ಮೋಟರ್ ಕಟ್ಟಿ, ಗುಂಡಿಲ್ಲದ ರೈಫಲಿನ ಟ್ರಿಗರನ್ನು ಗಂಟೆಗಟ್ಟಲೆ ಎಳೆಸುವರು. ಆಮೇಲೆ ಆಂಟಿಯ ಉದ್ದನೆಯ ಡೀಪ್ ಫ್ರೀಜರಿನಲ್ಲಿ ತೆಂಗಿನತುರಿಯ ಪೊಟ್ಟಣಗಳ ಪಕ್ಕ ಮಲಗಿಸುವರು. ಹೊರಗೆ ತೆಗೆದು, ತಾನಾಗಿ ಹಾರುತ್ತದೋ ನೋಡೋಣವೆಂದು ಮರದ ಹಿಡಿಯನ್ನು ರಬ್ಬರ್ ಸುತ್ತಿಗೆಯಿಂದ ಬಡಿಯುವರು. ಅಂಗಡಿಯಲ್ಲಿ ಎಲ್ಲ ಟ್ರಿಗರೂ ಬೆಣ್ಣೆಯ ಹಾಗೇ ಇರುತ್ತದೆ, ಚಳಿಗೆ ಎಣ್ಣೆ ಮಂದವಾದಾಗ, ಒಳಗಿನ ಅಂಚು ಸವೆದಾಗ ಅದರ ನಿಜವಾದ ಬಣ್ಣ ಬಯಲಾಗುತ್ತದೆ ಎನ್ನುವುದು ಅವರ ವಾದ. “ಹೊಸದನ್ನ ನಂಬೋಕೆ ಮುಂಚೆ ಅದನ್ನ ಮುದುಕ ಮಾಡ್ಬೇಕಮ್ಮ” ಎನ್ನುತ್ತಿದ್ದರು. ಎಷ್ಟೋ ಟ್ರಿಗರುಗಳು ಫೇಲಾಗುತ್ತಿದ್ದವು. ತಂದವರು ಮುಖ ಊದಿಸಿಕೊಂಡು ಹೋಗುವರು.

ಅವರ ಸ್ವಂತ ರೈಫಲಿನಲ್ಲಿ ಮೊದಲಿಂದ ಇದ್ದ ಬಿಗಿ ಟ್ರಿಗರೇ ಇತ್ತು. ಕಾರಣ ಕೇಳಿದ್ದಕ್ಕೆ ಬಹಳ ಗಂಭೀರವಾಗಿ ವಿವರಿಸಿದ್ದರು. ಬಿಸ್ಮಿಲ್ಲಾ ಎಂದು ದೇವರ ಹೆಸರು ಹೇಳಿ, ತಾವೇ ಮನಸಾರೆ ಒತ್ತಿ ಹೊಡೆದರೆ ಮಾತ್ರ ಆ ಬೇಟೆ ಅವರಿಗೆ ಹಲಾಲ್. ಟ್ರಿಗರ್ ತನ್ನಷ್ಟಕ್ಕೆ ಹಾರಿಬಿಟ್ಟರೆ ಅದು ಬರೀ ಕೊಲೆ. ವರ್ಷಕ್ಕೊಂದು ಜಿಂಕೆ, ಅದರ ಮಾಂಸ ಪರಿಚಯದ ಮನೆಗಳಿಗೆಲ್ಲ ಹಂಚಿಕೆ. ಅಷ್ಟೇ ಅವರ ಆಸೆ.

ಸಕ್ಕರೆ ಕಾಯಿಲೆ ಅವರ ಕೈಗೆ ಬಂತು. ಮೊದಲು ಬೆರಳುಗಳಲ್ಲಿ ಬಲ ಹೋಯಿತು. ಬಿಗಿ ಟ್ರಿಗರ್ ಎಳೆಯುವಷ್ಟರಲ್ಲಿ ಇಡೀ ಕೈ ನಡುಗುತ್ತಿತ್ತು. ಒಂದು ವರ್ಷ ಬೇಟೆಗೆ ಹೋಗದೆ ಮನೆಯಲ್ಲಿ ಕೂತು ಆಂಟಿಯ ಮೇಲೆ ರೇಗಿದರು. ಮರುವರ್ಷ, ಅಷ್ಟು ಬೈಯುತ್ತಿದ್ದವರೇ ಒಂದು ಹಗುರ ಟ್ರಿಗರ್ ತರಿಸಿ, ಬೇಸಿಗೆಯೆಲ್ಲ ಅದನ್ನು ಗೋಳು ಹೊಯ್ದುಕೊಂಡರು. ಪಾಸಾಯಿತು. ಅಂಕಲ್ ಮುಖ ಅರಳಿತು.

ಡ್ರೈವ್ ಮಾಡಲು ಜೊತೆಗೆ ಹೋಗು ಎಂದು ಆಂಟಿ ನನಗೆ ಗಂಟುಬಿದ್ದರು. ಮಾಂಸ ಮುಟ್ಟದ ನಾನು ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಡಬ್ಬಿಯಲ್ಲಿ ಉಪ್ಪಿಟ್ಟು ಕಟ್ಟಿಕೊಂಡು ಉತ್ತರ ಮಿಶಿಗನ್‌ಗೆ ಹೊರಟೆ. ಲ್ಯಾಬಿನ ಹಳೆಯ ಸಹೋದ್ಯೋಗಿಯೊಬ್ಬನ ಜಮೀನು, ಅಂಚಿನಲ್ಲಿ ಬೇಟೆಗಾರರು ಅಡಗಿ ಕೂರುವ ಹಲಗೆಯ ಪುಟ್ಟ ಗೂಡು. ಬೆಳಿಗ್ಗೆ ಜಿಂಕೆ ಬಂತು. ಅಂಕಲ್ ರೈಫಲ್ ಎತ್ತಿ ಭುಜಕ್ಕಿಟ್ಟರು. ನಾನು ಅವರ ತುಟಿಯನ್ನೇ ನೋಡುತ್ತಿದ್ದೆ. ತುಟಿ ಅಲುಗಿರಲಿಲ್ಲ, ಗುಂಡು ಹಾರಿತು.

ನಾವು ಹೋಗುವಷ್ಟರಲ್ಲಿ ಜಿಂಕೆಯ ಪ್ರಾಣ ಹೋಗಿತ್ತು. ಅಂಕಲ್ ಅದರ ಪಕ್ಕ ಒದ್ದೆ ಹುಲ್ಲಿನ ಮೇಲೆ ಕುಸಿದು ಕೂತರು. ನಾನು ಒತ್ತಿಯೇ ಇಲ್ಲ, ಬೆರಳು ಸುಮ್ಮನೆ ಇಟ್ಟಿದ್ದೆ, ಟ್ರಿಗರ್ ಕೈಕೊಟ್ಟಿತು ಎಂದು ಅದನ್ನೇ ಮತ್ತೆ ಮತ್ತೆ ಹೇಳಿದರು. ಮಾಂಸವನ್ನು ಜಮೀನಿನವನೇ ಇಟ್ಟುಕೊಂಡ.

ಮರುದಿನ ನನ್ನನ್ನು ಬೇಸ್‌ಮೆಂಟಿಗೆ ಕರೆದು, ಎಲ್ಲ ಟೆಸ್ಟನ್ನೂ ಮೊದಲಿಂದ ನೀನೇ ಮಾಡು ಎಂದರು. ತಾವು ಮೇಲೆ ಅಡುಗೆಮನೆಯಲ್ಲಿ ಕೂತು ಕಾದರು. ಮೋಟರ್ ಓಡಿಸಿದೆ, ಫ್ರೀಜರಿನಲ್ಲಿಟ್ಟು ತೆಗೆದೆ, ಸುತ್ತಿಗೆಯಿಂದ ಬಡಿದೆ. ಸೇಫ್ಟಿ ಲಾಕ್ ಹಾಕಿ ತೆಗೆದು ನೋಡಿದೆ. ಹಾಳಾದ್ದು, ಒಂದು ಸಲವಾದರೂ ತಪ್ಪಬಾರದೆ? ಯಂತ್ರವೊಂದು ಕೆಡಲಿ ಎಂದು ದೇವರಿಗೆ ಕೈಮುಗಿದದ್ದು ಜನ್ಮದಲ್ಲಿ ಅದೇ ಮೊದಲು. ಕೆಟ್ಟಿದೆ ಎಂದುಬಿಡಬಹುದಿತ್ತು. ಆದರೆ ಹಾಗಂದರೆ ಮುಂದಿನ ವರ್ಷ ಇನ್ನೊಂದು ಟ್ರಿಗರ್ ಹಾಕಿಸಿಕೊಂಡು ಹೊರಡುತ್ತಾರೆ. ಆಗ ಎದುರಿಗಿರುವುದು ಜಿಂಕೆಯೇ ಎಂದು ಯಾರು ಹೇಳಬೇಕು?

ಮೆಟ್ಟಿಲು ಹತ್ತಿ ಮೇಲೆ ಬಂದೆ. ಅಂಕಲ್ ತಲೆ ಎತ್ತದೆ ಕೇಳಿದರು.

“ಫೇಲ್ ಆಯ್ತಾ ಅಮ್ಮ?”

“ಇಲ್ಲ ಅಂಕಲ್. ಪಾಸಾಯ್ತು.”

ಮೇಜಿನ ಮೇಲಿದ್ದ ತಮ್ಮ ಬೆರಳನ್ನು ನೋಡಿದರು. ಬಲ ಹೋಗಿದೆ ಎಂದಷ್ಟೇ ಅಂದುಕೊಂಡಿದ್ದೆ, ಸ್ಪರ್ಶವೂ ಹೋಗಿದೆ, ಒತ್ತಿದ್ದು ನನಗೇ ಗೊತ್ತಾಗಿಲ್ಲ ಎಂದು ಮೆಲ್ಲಗೆ ಹೇಳಿದರು. “ನೀನು ನಿಜ ಹೇಳ್ದೆ, ಒಳ್ಳೇದಾಯ್ತು” ಎಂದರು. ಆ ಸಂಜೆಯೇ ಜಮೀನಿನವನಿಗೆ ಫೋನ್ ಮಾಡಿ, ಬಂದು ರೈಫಲನ್ನು ತೆಗೆದುಕೊಂಡು ಹೋಗು ಎಂದುಬಿಟ್ಟರು. ಕಾರಿನ ಕೀಲಿಯನ್ನೂ ಆಂಟಿಯ ಕೈಗಿಟ್ಟರು. ಹಾಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮುಂದಿನ ಬೇಟೆಯ ಕಾಲಕ್ಕೆ ಅವರಿರಲಿಲ್ಲ. ಕಿಡ್ನಿಯೂ ಹೋಗಿತ್ತು. ವಯಸ್ಸಾಗಿತ್ತು ಬಿಡಿ ಎಂದು ಯಾರೋ ಸಮಾಧಾನ ಹೇಳಿದರು. ಅರವತ್ತೈದು ಏನು ಸಾಯುವ ವಯಸ್ಸೇ? ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಕೊನೆಯ ಸಲ ನೋಡಲು ಹೋದಾಗ ಆಂಟಿ ನಮಾಜಿಗೆಂದು ಎದ್ದು ಹೋಗಿದ್ದರು. ಅಂಕಲ್ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದರು. ನಾನು ಅವರ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೆ. ಎಷ್ಟೋ ಹೊತ್ತಾದ ಮೇಲೆ ಅವರು ಈ ಕಡೆ ತಿರುಗಿ, ನನ್ನನ್ನು ನೋಡಿ, ಆಮೇಲೆ ಕೈಯನ್ನು ನೋಡಿದರು.

“ಯಾವಾಗ ಬಂದ್ಯಮ್ಮ?”

“ಈಗ ತಾನೆ ಬಂದೆ ಅಂಕಲ್” ಎಂದೆ.